ಟೆಲಿಕಾಂ ಉಪಕರಣ ಅಳವಡಿಕೆ: ಕೇಬಲ್, ಕನೆಕ್ಟರ್ ಕೆಲಸ ಮಾಡುವ ಬಗೆ

ರೌಟರ್ ಆಗಲಿ, ಟ್ರಾನ್ಸ್‌ಮಿಷನ್ ಉಪಕರಣ ಆಗಲಿ, ಬೇಸ್ ಸ್ಟೇಷನ್ ಆಗಲಿ, ಪೆಟ್ಟಿಗೆಯನ್ನು ರ‍್ಯಾಕಿಗೆ ಏರಿಸಿ ಸ್ಕ್ರೂ ಬಿಗಿಯುವುದು ಬೇಗ ಮುಗಿಯುವ ಕೆಲಸ. ದಿನ ಹಿಡಿಯುವುದು ಕೇಬಲ್. ಆಮೇಲೆ ತಿಂಗಳುಗಟ್ಟಲೆ ಕಾಡುವ ದೋಷಗಳೂ ಬಹುಪಾಲು ಅಲ್ಲಿಂದಲೇ ಹುಟ್ಟುತ್ತವೆ. ಅದರಲ್ಲೂ ಕೇಬಲ್ಲಿನ ನಡುಭಾಗ ಕೈಕೊಡುವುದು ಅಪರೂಪ. ಕೈಕೊಡುವುದು ಎರಡು ತುದಿಗಳು. ಸರಿಯಾಗಿ ಒತ್ತದ ಲಗ್ (ತಂತಿಯ ತುದಿಗೆ ಒತ್ತಿ ಕೂರಿಸುವ, ಬೋಲ್ಟಿಗೆ ರಂಧ್ರವಿರುವ ಲೋಹದ ತುಂಡು), ಒರೆಸದ ಫೈಬರ್ ತುದಿ, ಹೆಚ್ಚು ಬಿಚ್ಚಿದ ಜೋಡಿತಂತಿ (ಎರಡೆರಡಾಗಿ ಹುರಿ ಹಾಕಿದ ತಂತಿ), ನೀರಿಳಿದ ಏಕಾಕ್ಷ (ಕೊಯಾಕ್ಸಿಯಲ್) ಕನೆಕ್ಟರ್. ಹಾಗಾಗಿ ಇಲ್ಲಿ ಹೆಚ್ಚು ಮಾತು ತುದಿಗಳ ಬಗ್ಗೆಯೇ.

ಹೊರಡುವ ಮುನ್ನ ಪಟ್ಟಿ

ಉಪಕರಣದ ಹಾರ್ಡ್‌ವೇರ್ ಕೈಪಿಡಿ ತೆರೆದು, ಬಳಸಲಿರುವ ಒಂದೊಂದು ಪೋರ್ಟಿಗೂ ಒಂದೊಂದು ಸಾಲು ಬರೆಯಿರಿ: ಈ ತುದಿಗೆ ಯಾವ ಕನೆಕ್ಟರ್, ಆ ತುದಿಗೆ ಯಾವುದು, ಗಂಡೋ ಹೆಣ್ಣೋ, ನಡುವೆ ಯಾವ ಕೇಬಲ್, ಎಷ್ಟು ಉದ್ದ. "ಎಲ್‌ಸಿ ಪ್ಯಾಚ್ ಕಾರ್ಡ್ ನಾಲ್ಕು" ಎಂದು ಬರೆದರೆ ಸಾಲದು. "ಎಲ್‌ಸಿ ಯುಪಿಸಿಯಿಂದ ಎಸ್‌ಸಿ ಎಪಿಸಿ, ಸಿಂಗಲ್ ಮೋಡ್, ಡ್ಯೂಪ್ಲೆಕ್ಸ್, 10 ಮೀಟರ್, ನಾಲ್ಕು" ಎಂದಿರಬೇಕು. ಪ್ಯಾಚ್ ಕಾರ್ಡ್ ಎಂದರೆ ಎರಡೂ ತುದಿಗೆ ಕನೆಕ್ಟರ್ ಇರುವ ಗಿಡ್ಡ ಕೇಬಲ್; ಎಲ್‌ಸಿ, ಎಸ್‌ಸಿ ಫೈಬರ್ ಕನೆಕ್ಟರಿನ ಬಗೆಗಳು, ಯುಪಿಸಿ, ಎಪಿಸಿ ಅದರ ತುದಿಯ ಪಾಲಿಶ್, ಸಿಂಗಲ್ ಮೋಡ್ ತೆಳು ತಿರುಳಿನ ಫೈಬರ್, ಡ್ಯೂಪ್ಲೆಕ್ಸ್ ಎಂದರೆ ಎರಡು ಎಳೆ. ಎದುರು ತುದಿಯಲ್ಲಿರುವ ಫೈಬರ್ ಹಂಚಿಕೆ ಚೌಕಟ್ಟು ಯಾವ ಬಗೆಯದೆಂದು ಕಣ್ಣಾರೆ ನೋಡದೆ ಈ ಸಾಲು ಪೂರ್ತಿಯಾಗುವುದಿಲ್ಲ.

ಉದ್ದವನ್ನು ನೇರ ಅಂತರದಿಂದ ಅಳೆಯಬೇಡಿ. ಪೋರ್ಟಿನಿಂದ ರ‍್ಯಾಕಿನ ಪಕ್ಕಕ್ಕೆ, ಅಲ್ಲಿಂದ ಟ್ರೇವರೆಗೆ ಮೇಲಕ್ಕೆ, ಟ್ರೇ ಉದ್ದಕ್ಕೂ ತಿರುವುಗಳೊಂದಿಗೆ, ಮತ್ತೆ ಕೆಳಕ್ಕೆ: ಕೇಬಲ್ ಹೋಗುವ ದಾರಿಯಲ್ಲೇ ಹಗ್ಗ ಅಥವಾ ಟೇಪ್ ಹಿಡಿದು ನೋಡಿ. ಫೈಬರ್ ಒಂದೆರಡು ಮೀಟರ್ ಹೆಚ್ಚಾದರೆ ಸುತ್ತಿಡಲು ಜಾಗ ಇರುತ್ತದೆ. ಪವರ್ ಮತ್ತು ಅರ್ಥ್ ಕೇಬಲ್ ಹಾಗಲ್ಲ. ಅವನ್ನು ಸುರುಳಿ ಸುತ್ತಿಡುವಂತಿಲ್ಲ, ಸ್ಥಳದಲ್ಲೇ ಅಳತೆಗೆ ಕತ್ತರಿಸಬೇಕು. ಚಿಕ್ಕದಾಯಿತೆಂದು ನಡುವೆ ಜೋಡಿಸುವುದೂ ಇಲ್ಲ. ಪವರ್ ಕೇಬಲ್ಲಿಗೆ ನಡುಜೋಡಣೆ ಹಾಕಿದವರು ಬಿಸಿಯಾಗುವ ಒಂದು ಜಾಗವನ್ನು ತಾವೇ ಮಾಡಿಟ್ಟಂತೆ.

ಲಗ್ ಮತ್ತು ಆರ್‌ಜೆ45 ಪ್ಲಗ್ (ನೆಟ್‌ವರ್ಕ್ ಕೇಬಲ್ಲಿನ ತುದಿ) ಒಮ್ಮೆ ಒತ್ತಿದರೆ ಮುಗಿಯಿತು, ಬಿಚ್ಚಿ ಮತ್ತೆ ಬಳಸಲಾಗದು. ಆದ್ದರಿಂದ 20 ತುದಿ ಇದ್ದರೆ 25 ಒಯ್ಯಿರಿ. ಲಗ್ ಮೇಲಿನ ಗುರುತು ನೋಡಿ ಆರಿಸಿ: 16-8 ಎಂದಿದ್ದರೆ 16 ಚದರ ಮಿ.ಮೀ. ತಂತಿಗೆ, 8 ಮಿ.ಮೀ. ಬೋಲ್ಟಿಗೆ ಎಂದರ್ಥ.

ಅರ್ಥಿಂಗ್ ಮೊದಲು

ಬೇರೆ ಯಾವ ಕೇಬಲ್ ಮುಟ್ಟುವ ಮುಂಚೆಯೂ ಉಪಕರಣದ ದೇಹಕ್ಕೆ ಅರ್ಥ್ ಬೀಳಬೇಕು. ಬಿಚ್ಚುವಾಗ ಅದೇ ಕೊನೆಯದು. ತಂತಿಯ ಗಾತ್ರ ಕೈಪಿಡಿ ಹೇಳಿದ್ದೇ ಅಂತಿಮ. ರ‍್ಯಾಕಿನಿಂದ ಅರ್ಥ್ ಪಟ್ಟಿಗೆ (ಅರ್ಥ್ ತಂತಿಗಳೆಲ್ಲ ಬಂದು ಸೇರುವ ತಾಮ್ರದ ಪಟ್ಟಿ) ಹೋಗುವುದು 16 ಚದರ ಮಿ.ಮೀ. ಅಥವಾ ಅದಕ್ಕಿಂತ ದಪ್ಪ ಇರುವುದು ವಾಡಿಕೆ. ಬಣ್ಣ ಹಸಿರು-ಹಳದಿ ಪಟ್ಟೆ.

ಲಗ್ ಕೂರುವ ಜಾಗದಲ್ಲಿ ಬಣ್ಣ ಬಳಿದಿದ್ದರೆ ಲೋಹ ಹೊಳೆಯುವವರೆಗೆ ಕೆರೆಯಿರಿ, ತುಕ್ಕು ತಡೆಯುವ ಪೇಸ್ಟ್ ತೆಳುವಾಗಿ ಸವರಿ. ಲಗ್ಗಿನ ಚಪ್ಪಟೆ ಮೈ ನೇರವಾಗಿ ಪಟ್ಟಿಗೆ ತಾಗಬೇಕು. ಅದರ ಮೇಲೆ ಚಪ್ಪಟೆ ವಾಷರ್, ಸ್ಪ್ರಿಂಗ್ ವಾಷರ್, ನಟ್. ಲಗ್ ಮತ್ತು ಪಟ್ಟಿಯ ನಡುವೆ ವಾಷರ್ ತೂರಿಸುವುದು ಮೇಲಿಂದ ಮೇಲೆ ಕಾಣುವ ತಪ್ಪು. ಆಗ ಪ್ರವಾಹವೆಲ್ಲ ತಾಮ್ರದಿಂದ ತಾಮ್ರಕ್ಕೆ ಹೋಗುವ ಬದಲು ಉಕ್ಕಿನ ತೆಳು ಬಿಲ್ಲೆಯ ಮೂಲಕ ಹಾಯಬೇಕಾಗುತ್ತದೆ. ಎರಡು ರಂಧ್ರದ ಲಗ್ ಹಾಕಲು ಜಾಗವಿದ್ದರೆ ಅದನ್ನೇ ಹಾಕಿ. ಒಂದೇ ರಂಧ್ರದ ಲಗ್ ಕೇಬಲ್ ಎಳೆದಾಗ ತಿರುಗಿ ಸಡಿಲವಾಗುತ್ತದೆ.

ಅರ್ಥ್ ತಂತಿ ಗಿಡ್ಡವಾಗಿ, ಆದಷ್ಟು ನೇರವಾಗಿ ಹೋಗಲಿ, ತಿರುವಿದ್ದರೆ ಅಗಲವಾಗಿರಲಿ. ಸಿಡಿಲಿನ ಪ್ರವಾಹ ಕ್ಷಣಾರ್ಧದಲ್ಲಿ ಏರುವಂಥದ್ದು; ಒಂದು ಸುರುಳಿ ಸುತ್ತಿದರೂ ಸಾಕು, ಅದು ಪ್ರೇರಕದಂತೆ ವರ್ತಿಸಿ ತಡೆ ಒಡ್ಡುತ್ತದೆ. ಒಂದು ಉಪಕರಣದಿಂದ ಇನ್ನೊಂದಕ್ಕೆ ಸರಪಳಿಯಂತೆ ಅರ್ಥ್ ಕಟ್ಟುವುದೂ ಬೇಡ, ಏಕೆಂದರೆ ನಡುವಿನದನ್ನು ಬಿಚ್ಚಿದ ದಿನ ಅದರಾಚೆಯವೆಲ್ಲ ಅರ್ಥ್ ಇಲ್ಲದೆ ಉಳಿಯುತ್ತವೆ. ಪ್ರತಿಯೊಂದಕ್ಕೂ ಪಟ್ಟಿಯಿಂದಲೇ ಬೇರೆ ತಂತಿ ಎಳೆಯಿರಿ.

ಮೈನಸ್ 48 ವೋಲ್ಟ್

ಟೆಲಿಕಾಂ ಉಪಕರಣಗಳ ಡಿಸಿ ಪೂರೈಕೆ ಮೈನಸ್ 48 ವೋಲ್ಟ್. ಇಲ್ಲಿ ಧನ ತುದಿ ಅರ್ಥ್‌ಗೆ ಸೇರಿರುತ್ತದೆ, ಬಿಸಿ ತುದಿ ಋಣ. ನೆಲದಡಿಯ ತಾಮ್ರ ತೇವದಲ್ಲಿ ವಿದ್ಯುದ್ವಿಭಜನೆಯಿಂದ ಸವೆಯದಿರಲಿ ಎಂದು ದೂರವಾಣಿಯ ಹಳೆಯ ಕಾಲದಲ್ಲಿ ಬಂದ ಪದ್ಧತಿ ಇದು. ವಾಹನದ ಬ್ಯಾಟರಿ ಕೆಲಸ ಮಾಡಿದವರ ಕೈ ಅಭ್ಯಾಸಬಲದಿಂದ ಉಲ್ಟಾ ಹೋಗುವುದುಂಟು. ಋಣ ತುದಿಗೆ ನೀಲಿ, ಮರಳು ತಂತಿಗೆ (ಪ್ರವಾಹ ಹಿಂದಿರುಗುವ ಧನ ತಂತಿ) ಕಪ್ಪು ಎಂಬುದು ಅನೇಕ ತಯಾರಕರ ಕ್ರಮ, ಆದರೆ ಎಲ್ಲ ದೇಶಗಳಲ್ಲೂ ಇಲ್ಲ. ಬಣ್ಣ ನೋಡಿ ಜೋಡಿಸಬೇಡಿ. ಮೀಟರ್ ಹಿಡಿದು ನೋಡಿ ಜೋಡಿಸಿ.

ತಂತಿಯ ದಪ್ಪವನ್ನು ನಿರ್ಧರಿಸುವುದು ಎರಡು ಸಂಗತಿ: ಬ್ರೇಕರ್ ಬೀಳುವವರೆಗಿನ ಪ್ರವಾಹವನ್ನು ಬಿಸಿಯಾಗದೆ ಹೊರಬೇಕು, ಮತ್ತು ದಾರಿಯಲ್ಲಿ ವೋಲ್ಟೇಜ್ ಹೆಚ್ಚು ಇಳಿಯಬಾರದು. 48 ವೋಲ್ಟ್‌ನಲ್ಲಿ ದೂರ ಹೆಚ್ಚಿದಂತೆ ಎರಡನೆಯದೇ ಮೇಲಾಗುತ್ತದೆ. ಲೆಕ್ಕ ಹೀಗೆ: 2 ಗುಣಿಸು ಒಂದು ಕಡೆಯ ಉದ್ದ (ಮೀಟರ್) ಗುಣಿಸು ಪ್ರವಾಹ (ಆಂಪಿಯರ್) ಗುಣಿಸು 0.0178, ಬಂದದ್ದನ್ನು ಒಪ್ಪಬಹುದಾದ ವೋಲ್ಟೇಜ್ ಇಳಿತದಿಂದ ಭಾಗಿಸಿದರೆ ಬೇಕಾದ ಚದರ ಮಿ.ಮೀ. ಸಿಗುತ್ತದೆ. 0.0178 ಎಂಬುದು ತಾಮ್ರದ ರೋಧಾಂಕ. 2 ಏಕೆಂದರೆ ಪ್ರವಾಹ ಹೋಗಿ ಮರಳಬೇಕು.

ಪ್ರವಾಹ ಎಷ್ಟೆಂದು ಹಿಡಿಯುವಲ್ಲಿ ಜಾಗ್ರತೆ. 1200 ವ್ಯಾಟ್ ಉಪಕರಣಕ್ಕೆ 48ರಿಂದ ಭಾಗಿಸಿ 25 ಆಂಪಿಯರ್ ಎಂದುಕೊಂಡರೆ ತಪ್ಪು. ಕರೆಂಟ್ ಹೋಗಿ ಬ್ಯಾಟರಿ ಇಳಿಯುತ್ತ ಹೋದಂತೆ ಉಪಕರಣ ಅದೇ ವ್ಯಾಟ್ ಬೇಡುತ್ತದೆ, ಹಾಗಾಗಿ ಪ್ರವಾಹ ಏರುತ್ತದೆ. 40 ವೋಲ್ಟ್‌ಗೆ ಇಳಿದಾಗ ಅದು 30 ಆಂಪಿಯರ್. 12 ಮೀಟರ್ ದೂರ, 1 ವೋಲ್ಟ್ ಇಳಿತ ಎಂದಿಟ್ಟರೆ 2×12×30×0.0178, ಅಂದರೆ 12.8 ಚದರ ಮಿ.ಮೀ. ಮಾರುಕಟ್ಟೆಯಲ್ಲಿ ಸಿಗುವ ಮುಂದಿನ ಗಾತ್ರ 16. ಅದನ್ನು ಹಾಕಿದರೆ ಇಳಿತ ಸುಮಾರು 0.8 ವೋಲ್ಟ್, 10 ಹಾಕಿ ಉಳಿಸಲು ಹೋದರೆ 1.3. ಬ್ಯಾಟರಿಯಲ್ಲಿ ಇನ್ನೂ ಶಕ್ತಿ ಇದ್ದರೂ ಉಪಕರಣ ಮಾತ್ರ ಮೊದಲೇ ಆರಿಹೋಗುವುದು ಇಂಥ ಸಣ್ಣ ಉಳಿತಾಯದಿಂದಲೇ. ಎ ಮತ್ತು ಬಿ ಎಂದು ಎರಡು ಪೂರೈಕೆ ಇದ್ದರೆ, ಒಂದೊಂದು ದಾರಿಯೂ ಪೂರ್ತಿ ಭಾರವನ್ನು ಒಂಟಿಯಾಗಿ ಹೊರುವಂತೆ ಲೆಕ್ಕ ಹಾಕಿ, ಅರ್ಧ ಅರ್ಧ ಅಲ್ಲ.

ಲಗ್ ಒತ್ತುವ ಕ್ರಮ:

1. ಕುಗ್ಗುವ ಕೊಳವೆಯನ್ನು ಮೊದಲೇ ತಂತಿಗೆ ತೂರಿಸಿಡಿ. ಮರೆತರೆ ಲಗ್ ಕತ್ತರಿಸಬೇಕು.
2. ಲಗ್ಗಿನ ಕೊಳವೆಯ ಆಳಕ್ಕಿಂತ 2 ಮಿ.ಮೀ.ನಷ್ಟು ಹೆಚ್ಚು ಹೊದಿಕೆ ಸುಲಿಯಿರಿ. ಒಂದು ಎಳೆಯೂ ತುಂಡಾಗಬಾರದು. ತುಂಡಾದರೆ ಕತ್ತರಿಸಿ ಹೊಸದಾಗಿ ಸುಲಿಯಿರಿ. ಲಗ್‌ಗೆ ಹಿಡಿಯುತ್ತಿಲ್ಲವೆಂದು ಎಳೆಗಳನ್ನು ಕತ್ತರಿಸುವುದು ಎಂದಿಗೂ ಬೇಡ.
3. ಎಳೆಗಳು ಕೊಳವೆಯ ತಳ ಮುಟ್ಟುವವರೆಗೆ ತಳ್ಳಿ. ನೋಡುಕಿಂಡಿ ಇದ್ದರೆ ಅದರಲ್ಲಿ ತಾಮ್ರ ಕಾಣಬೇಕು.
4. ಅದೇ ಗಾತ್ರದ ಡೈ ಹಾಕಿದ ಷಟ್ಕೋನ ಕ್ರಿಂಪರ್‌ನಿಂದ, ಅದು ತಾನಾಗಿ ಬಿಡುವವರೆಗೆ ಒತ್ತಿ. ಇಕ್ಕಳದಲ್ಲಿ ಅಥವಾ ಸುತ್ತಿಗೆಯಲ್ಲಿ ಜಜ್ಜಿದ ಲಗ್ ಮೇಲುನೋಟಕ್ಕೆ ಗಟ್ಟಿ ಅನಿಸಿದರೂ ಒಳಗೆ ಗಾಳಿ ಉಳಿದಿರುತ್ತದೆ. ತಾಮ್ರ ಅಲ್ಲಿ ಕಪ್ಪಾಗಿ, ರೋಧ ಏರಿ, ಬಿಸಿಯಾಗುತ್ತದೆ.
5. ಜೋರಾಗಿ ಎಳೆದು ನೋಡಿ. ಅಲುಗಿದರೆ ಬಿಸಾಡಿ.
6. ಕೊಳವೆಯನ್ನು ಒತ್ತಿದ ಭಾಗ ಮುಚ್ಚುವಂತೆ ಎಳೆದು ಬಿಸಿಗಾಳಿಯಿಂದ ಕುಗ್ಗಿಸಿ.

ಜೋಡಿಸುವಾಗ ಎರಡೂ ಕಡೆಯ ಬ್ರೇಕರ್ ಇಳಿದಿರಲಿ, ಕೈಯಲ್ಲಿ ಉಂಗುರ, ಗಡಿಯಾರ ಇರಬಾರದು, ಸ್ಪ್ಯಾನರಿಗೆ ಹೊದಿಕೆ ಇರಲಿ. 48 ವೋಲ್ಟ್ ಮೈಗೆ ಹೆಚ್ಚು ಹೊಡೆಯದು ಎಂಬ ಧೈರ್ಯ ಇಲ್ಲಿ ಸಲ್ಲ. ಹಿಂದೆ ನಿಂತಿರುವ ಬ್ಯಾಟರಿ ಸಾಲು ಒಂದು ಸ್ಪ್ಯಾನರನ್ನು ಕರಗಿಸುವಷ್ಟು ಪ್ರವಾಹ ಕೊಡಬಲ್ಲದು. ಮೊದಲು ಉಪಕರಣದ ತುದಿ, ಆಮೇಲೆ ಪೂರೈಕೆಯ ತುದಿ. ಪೂರೈಕೆಯಲ್ಲಿ ಮೊದಲು ಮರಳು ತಂತಿ, ಕೊನೆಗೆ ಋಣ. ಬೋಲ್ಟನ್ನು ಕೈಪಿಡಿಯಲ್ಲಿರುವ ಟಾರ್ಕ್‌ಗೆ ಬಿಗಿದು, ನಟ್‌ನಿಂದ ಪಟ್ಟಿಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಮುಂದೆ ಸಡಿಲವಾದರೆ ಗೆರೆ ಮುರಿದದ್ದು ಕಣ್ಣಿಗೇ ಕಾಣುತ್ತದೆ.

ತಾಮ್ರದ ನೆಟ್‌ವರ್ಕ್ ಕೇಬಲ್

ಜೋಡಿತಂತಿ ಕೇಬಲ್ಲಿಗೆ ತುದಿಯಿಂದ ತುದಿಗೆ 100 ಮೀಟರ್ ಮಿತಿ: 90 ಮೀಟರ್ ಸ್ಥಿರ ಕೇಬಲ್, ಎರಡೂ ಕಡೆ ಸೇರಿ 10 ಮೀಟರ್ ಪ್ಯಾಚ್ ಕಾರ್ಡ್. 1 ಗಿಗಾಬಿಟ್‌ಗೆ ಕ್ಯಾಟ್5ಇ ಸಾಕು. 10 ಗಿಗಾಬಿಟ್ ಪೂರ್ತಿ 100 ಮೀಟರ್ ಹೋಗಬೇಕೆಂದರೆ ಕ್ಯಾಟ್6ಎ ಬೇಕು; ಕ್ಯಾಟ್6ರಲ್ಲಿ ಅದು ಹೆಚ್ಚೆಂದರೆ 55 ಮೀಟರ್, ಕೇಬಲ್‌ಗಳು ಒತ್ತೊತ್ತಾಗಿ ಕಟ್ಟಿನಲ್ಲಿದ್ದರೆ 37ರ ಆಸುಪಾಸು.

ಒಂದು ವಿಷಯದಲ್ಲಿ ರಾಜಿ ಬೇಡ: ತಾಮ್ರ ಲೇಪಿಸಿದ ಅಲ್ಯುಮಿನಿಯಂ ಕೇಬಲ್ ತರಬೇಡಿ. ಅದರ ರೋಧ ತಾಮ್ರಕ್ಕಿಂತ ಹೆಚ್ಚು, ಮಡಿಸಿದರೆ ಮುರಿಯುತ್ತದೆ. ಕೇಬಲ್ಲಿನಲ್ಲೇ ಪವರ್ ಕಳಿಸುವ ಪಿಒಇ ಪೋರ್ಟಿಗೆ ಹಾಕಿದರೆ ಬಿಸಿಯಾಗುತ್ತದೆ. ಈಗಿನ ಅತಿಹೆಚ್ಚಿನ ದರ್ಜೆಯಲ್ಲಿ ಒಂದು ಪೋರ್ಟ್ 90 ವ್ಯಾಟ್‌ವರೆಗೆ ಕಳಿಸುತ್ತದೆ. ಪೆಟ್ಟಿಗೆ ಎತ್ತಿದಾಗಲೇ ಹಗುರ ಅನಿಸಿದರೆ, ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಹಿಂದಿರುಗಿಸಿ.

ಬಣ್ಣದ ಕ್ರಮದಲ್ಲಿ ಟಿ568ಬಿ ಹೆಚ್ಚು ಬಳಕೆಯಲ್ಲಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಟಿ568ಎ ಹಾಕಿದರೂ ತೊಂದರೆಯಿಲ್ಲ, ಎರಡೂ ತುದಿಯಲ್ಲಿ ಒಂದೇ ಇರಲಿ. ನೆನಪಿಡಬೇಕಾದ್ದು, 3 ಮತ್ತು 6ನೇ ಪಿನ್‌ಗಳು ಒಂದು ಜೋಡಿ. ಬಣ್ಣದ ಕ್ರಮ ತಿಳಿಯದೆ ಜೋಡಿ ಜೋಡಿಯಾಗಿ 1-2, 3-4, 5-6, 7-8 ಎಂದು ಸಾಲಾಗಿ ತುಂಬಿದರೆ, ಅಗ್ಗದ ಪರೀಕ್ಷಕದಲ್ಲಿ ಎಂಟೂ ದೀಪ ಹತ್ತುತ್ತವೆ. ತಂತಿ ಮುಟ್ಟಬೇಕಾದ್ದನ್ನೇ ಮುಟ್ಟಿದೆ, ಆದರೆ ಒಂದು ಸಂಕೇತದ ಎರಡು ತಂತಿಗಳು ಬೇರೆ ಬೇರೆ ಹುರಿಯಲ್ಲಿ ಸಿಕ್ಕಿವೆ. ಲಿಂಕ್‌ನ ವೇಗ ಇಳಿಯುತ್ತದೆ, ಇಲ್ಲವೇ ಬಂದು ಹೋಗಿ ಮಾಡುತ್ತದೆ, ಕಾರಣ ಸಿಗುವುದಿಲ್ಲ. ಅಡ್ಡಮಾತು (ಒಂದು ಜೋಡಿಯ ಸಂಕೇತ ಇನ್ನೊಂದಕ್ಕೆ ಸೋರುವುದು) ಅಳೆಯುವಂಥ ಒಳ್ಳೆಯ ಪರೀಕ್ಷಕ ಇದ್ದರೆ ಇದು ಸಿಗುತ್ತದೆ.

ತುದಿಯಲ್ಲಿ ಹುರಿಯನ್ನು 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬಾರದು. ಹೊರಹೊದಿಕೆ ಪ್ಲಗ್ಗಿನ ಒಳಗೆ ಹೋಗಿ, ಹಿಡಿಯುವ ನಾಲಗೆ ಅದರ ಮೇಲೆ ಒತ್ತಿಕೊಂಡಿರಬೇಕು; ಬಣ್ಣದ ತಂತಿಗಳು ಹೊರಗೆ ಕಾಣುತ್ತಿದ್ದರೆ ಆ ತುದಿ ಹೆಚ್ಚು ದಿನ ಬಾಳದು. ಒಂಟಿ ಎಳೆಯ ಕೇಬಲ್ಲಿಗೂ ಬಹುಎಳೆಯ ಕೇಬಲ್ಲಿಗೂ ಪ್ಲಗ್‌ನ ಹಲ್ಲುಗಳು ಬೇರೆ ಆಕಾರದವು, ಪೊಟ್ಟಣ ನೋಡಿ ಕೊಳ್ಳಿ. ಕವಚವಿರುವ ಕೇಬಲ್ ಹಾಕಿದರೆ ಪ್ಲಗ್ಗೂ ಲೋಹದ್ದೇ ಆಗಿರಬೇಕು, ಕವಚ ಸುತ್ತಲೂ ಅದಕ್ಕೆ ತಾಗಿರಬೇಕು. ಎಲ್ಲೂ ಸೇರದೆ ನೇತಾಡುವ ಕವಚದಿಂದ ಉಪಯೋಗವಿಲ್ಲ, ಅದು ಆಂಟೆನಾದಂತೆ ಗದ್ದಲ ಹಿಡಿಯುತ್ತದೆ. ಎಳೆಯುವಾಗ 110 ನ್ಯೂಟನ್, ಅಂದರೆ ಸುಮಾರು 11 ಕಿಲೋ ತೂಕದಷ್ಟು ಬಲ ಮೀರಬೇಡಿ. ತಿರುವಿನ ತ್ರಿಜ್ಯ ಕೇಬಲ್ ವ್ಯಾಸದ ನಾಲ್ಕು ಪಟ್ಟಿಗಿಂತ ಕಡಿಮೆಯಾಗದಿರಲಿ.

ಫೈಬರ್

ಸಿಂಗಲ್ ಮೋಡ್ ಪ್ಯಾಚ್ ಕಾರ್ಡ್ ಹಳದಿ, ತಿರುಳು ಸುಮಾರು 9 ಮೈಕ್ರಾನ್. ಓಎಂ3, ಓಎಂ4 ಮಲ್ಟಿಮೋಡ್ ಸಾಮಾನ್ಯವಾಗಿ ತಿಳಿ ನೀಲಿಹಸಿರು, ತಿರುಳು 50 ಮೈಕ್ರಾನ್. ಓಎಂ4 ನೇರಳೆಯಲ್ಲೂ ಸಿಗುತ್ತದೆ. ಸಿಂಗಲ್ ಮೋಡ್, ಮಲ್ಟಿಮೋಡ್ ಎರಡನ್ನೂ ಬೆರೆಸುವಂತಿಲ್ಲ. ಟ್ರಾನ್ಸಿವರ್ (ಬೆಳಕು ಕಳಿಸಿ ಪಡೆಯುವ ಮಾಡ್ಯೂಲ್) ಯಾವುದೋ ಫೈಬರ್ ಅದೇ: 850 ನ್ಯಾನೋಮೀಟರ್‌ನ ಎಸ್‌ಆರ್‌ಗೆ ಮಲ್ಟಿಮೋಡ್ (10 ಗಿಗಾಬಿಟ್‌ನಲ್ಲಿ ಓಎಂ3 ಮೇಲೆ 300 ಮೀಟರ್, ಓಎಂ4 ಮೇಲೆ 400), 1310ರ ಎಲ್‌ಆರ್‌ಗೆ ಸಿಂಗಲ್ ಮೋಡ್, 10 ಕಿ.ಮೀ.ವರೆಗೆ. ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಕೆಲಸ ಮಾಡುವ ಟ್ರಾನ್ಸಿವರ್‌ಗಳು ಜೋಡಿಯಾಗಿಯೇ ಬರುತ್ತವೆ. ಈ ಕಡೆ 1270 ಕಳಿಸಿ 1330 ಪಡೆದರೆ, ಆ ಕಡೆ ತಿರುಗುಮುರುಗಾಗಿರಬೇಕು. ಎರಡೂ ಕಡೆ ಒಂದೇ ಬಗೆಯದನ್ನು ಹಾಕಿದರೆ ಬೆಳಕು ಬರುತ್ತದೆ, ಲಿಂಕ್ ಮೇಲೇಳುವುದಿಲ್ಲ.

ಕನೆಕ್ಟರ್‌ಗಳಲ್ಲಿ ಎಲ್‌ಸಿಗೆ 1.25 ಮಿ.ಮೀ. ಪಿಂಗಾಣಿ ಮೂತಿ, ಎಸ್‌ಸಿಗೆ 2.5 ಮಿ.ಮೀ. ಅದಕ್ಕಿಂತ ಮುಖ್ಯ ತುದಿಯ ಪಾಲಿಶ್. ನೀಲಿ ಬಣ್ಣದ್ದು ಯುಪಿಸಿ, ಹಸಿರು ಎಪಿಸಿ. ಎಪಿಸಿಯ ಮೂತಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ಪ್ರತಿಫಲಿಸಿದ ಬೆಳಕು ಹಿಂದಕ್ಕೆ ಲೇಸರಿಗೆ ಹೋಗದಿರಲಿ ಎಂದು. ಹಸಿರನ್ನು ನೀಲಿಗೆ ತೂರಿಸಿದರೆ ಆಕಾರ ಹೊಂದಿ ಕ್ಲಿಕ್ ಎನ್ನುತ್ತದೆ, ಆದರೆ ಓರೆ ಮೈ ಚಪ್ಪಟೆ ಮೈಗೆ ತಾಗಿ ನಡುವೆ ಗಾಳಿ ಉಳಿಯುತ್ತದೆ: ನಷ್ಟ ಹಲವು ಡಿಬಿ (ಡೆಸಿಬೆಲ್), ಜೊತೆಗೆ ಮೂತಿಗೇ ಗಾಯ. ಬದಲಾಯಿಸಬೇಕಾದಲ್ಲಿ ಒಂದು ತುದಿ ಹಸಿರು, ಇನ್ನೊಂದು ನೀಲಿ ಇರುವ ಕಾರ್ಡನ್ನೇ ತನ್ನಿ.

ಬೆಳಕಿನ ಲೆಕ್ಕ ಹಾಕದೆ ಟ್ರಾನ್ಸಿವರ್ ಚುಚ್ಚಬೇಡಿ. 10 ಗಿಗಾಬಿಟ್ ಎಲ್‌ಆರ್ ಕನಿಷ್ಠ ಮೈನಸ್ 8.2 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿ ಅಳೆದ ಬೆಳಕಿನ ಬಲ) ಕಳಿಸುತ್ತದೆ, ಮೈನಸ್ 14.4ರವರೆಗೆ ಓದುತ್ತದೆ. ಅಂದರೆ ಕೈಯಲ್ಲಿರುವುದು 6.2 ಡಿಬಿ. ದಾರಿ 8 ಕಿ.ಮೀ. ಇದ್ದರೆ ಕಿ.ಮೀ.ಗೆ 0.35ರಂತೆ 2.8; ನಾಲ್ಕು ಕನೆಕ್ಟರ್ ಜೋಡಿಗೆ ಅರ್ಧರ್ಧದಂತೆ 2; ನಾಲ್ಕು ಬೆಸುಗೆಗೆ 0.1ರಂತೆ 0.4. ಒಟ್ಟು 5.2. ಉಳಿದದ್ದು 1 ಡಿಬಿ. ಒಂದೇ ಒಂದು ಕೊಳಕು ತುದಿ ಅದನ್ನು ನುಂಗಿಬಿಡುತ್ತದೆ.

ಬೆಳಕು ಹೆಚ್ಚಾದರೂ ಕಷ್ಟವೇ. 40 ಕಿ.ಮೀ.ನ ಇಆರ್ ಮಾಡ್ಯೂಲ್ ಪ್ಲಸ್ 4 ಡಿಬಿಎಂವರೆಗೆ ಕಳಿಸಬಹುದು, ಪಡೆಯುವ ಕಡೆ ಮೈನಸ್ 1 ಮೀರಬಾರದು. ಮೇಜಿನ ಮೇಲೆ ಗಿಡ್ಡ ಕಾರ್ಡ್ ಹಾಕಿ ಪರೀಕ್ಷೆ ಮಾಡುವಾಗ ಕನಿಷ್ಠ 5 ಡಿಬಿ ತಗ್ಗಿಸುವ ಅಟೆನ್ಯುಯೇಟರನ್ನು ಪಡೆಯುವ ತುದಿಯಲ್ಲಿ ಹಾಕಿ. 80 ಕಿ.ಮೀ. ಮಾಡ್ಯೂಲಿಗೆ ಇನ್ನೂ ಹೆಚ್ಚು ಬೇಕು. ನೇರ ಚುಚ್ಚಿದರೆ ಪಡೆಯುವ ಡಯೋಡ್ ಸುಟ್ಟುಹೋಗಬಹುದು.

ಇನ್ನು ಸ್ವಚ್ಛತೆ. ಹೊಸ ಪೊಟ್ಟಣದಿಂದ ತೆಗೆದ ಕಾರ್ಡೂ ಸ್ವಚ್ಛ ಎಂದುಕೊಳ್ಳಬೇಡಿ. ದೂಳುಮುಚ್ಚಳದ ಒಳಗಿನ ಕಣಗಳೇ ಮೂತಿಗೆ ಅಂಟಿರುತ್ತವೆ. ಕ್ರಮ ಒಂದೇ: ನೋಡಿ, ಒರೆಸಿ, ಮತ್ತೆ ನೋಡಿ, ಆಮೇಲೆ ಚುಚ್ಚಿ. ನೋಡಲು ಪರದೆ ಇರುವ ಫೈಬರ್ ಸೂಕ್ಷ್ಮದರ್ಶಕ, ಒರೆಸಲು ಒಂದು ಒತ್ತಿಗೆ ದಾರ ಹೊರಳುವ ಪೆನ್ನಿನಂಥ ಕ್ಲೀನರ್. ಎಣ್ಣೆಜಿಡ್ಡು ಇದ್ದರೆ ಎಳೆ ಬಿಡದ ಬಟ್ಟೆಗೆ 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಸಿ ಒರೆಸಿ, ತಕ್ಷಣ ಒಣಬಟ್ಟೆಯಿಂದ ಮತ್ತೊಮ್ಮೆ. ಕಾರ್ಡಿನ ತುದಿ ಮಾತ್ರವಲ್ಲ, ಅದು ಹೋಗಿ ತಾಗುವ ಅಡಾಪ್ಟರಿನ ಒಳತುದಿಯನ್ನೂ ಒರೆಸಬೇಕು. ಬಾಯಿಂದ ಊದಬೇಡಿ, ಅಂಗಿಗೆ ಉಜ್ಜಬೇಡಿ. ಕೊಳಕು ತುದಿ ಒಮ್ಮೆ ಒತ್ತಿಕೊಂಡರೆ ಕಣ ಗಾಜಿಗೆ ನೆಟ್ಟುಹೋಗಿ, ಎದುರಿನ ಒಳ್ಳೆಯ ತುದಿಯೂ ಹಾಳಾಗುತ್ತದೆ. ಬೆಳಕು ಉರಿಯುತ್ತಿರುವ ತುದಿಗೆ ಎಂದೂ ಕಣ್ಣು ಹಿಡಿಯಬೇಡಿ. ಅವಕೆಂಪು ಕಿರಣ ಕಾಣದು, ಕಣ್ಣಿಗೆ ಹಾನಿ ಮಾಡಬಲ್ಲದು.

ಸಾಮಾನ್ಯ ಸಿಂಗಲ್ ಮೋಡ್ ಕಾರ್ಡಿಗೆ 30 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿ ತಿರುವು ಬೇಡ. ಜಿ.657ಎ1 ಬಗೆಯದು 10 ಮಿ.ಮೀ. ತಾಳುತ್ತದೆ, ಆದರೂ ಆ ಮಿತಿಯನ್ನು ಇಕ್ಕಟ್ಟಿನ ಜಾಗಕ್ಕೆ ಕಾದಿಡುವುದು ಮೇಲು. ರ‍್ಯಾಕಿನ ಹೊರಗೆ ಫೈಬರನ್ನು ಸುಕ್ಕುಕೊಳವೆಯೊಳಗೆ ಒಯ್ಯಿರಿ, ಅದರ ಮೇಲೆ ಪವರ್ ಕೇಬಲ್ ಮಲಗಿಸಬೇಡಿ.

ಏಕಾಕ್ಷ ಕೇಬಲ್

ಇಲ್ಲಿ ಮೊದಲು ನೋಡಬೇಕಾದ್ದು ಪ್ರತಿಬಾಧೆ (ಇಂಪೀಡೆನ್ಸ್). ರೇಡಿಯೋ ಮತ್ತು ಜಿಪಿಎಸ್ ಆಂಟೆನಾ 50 ಓಮ್. 2.048 ಮೆಗಾಬಿಟ್‌ನ ಇ1 ಎಂಬ ಟೆಲಿಕಾಂ ಸಂಪರ್ಕ ಏಕಾಕ್ಷದಲ್ಲಿ 75 ಓಮ್, ಜೋಡಿತಂತಿಯಲ್ಲಿ 120. ಉಪಕರಣ 120, ಎದುರು 75 ಆಗಿದ್ದರೆ ನಡುವೆ ಬಲೂನ್ ಎಂಬ ಪರಿವರ್ತಕ ಬೇಕು. 50 ಓಮ್‌ನ ಗಂಡು ಎನ್ ಕನೆಕ್ಟರನ್ನು 75 ಓಮ್‌ನ ಹೆಣ್ಣಿಗೆ ತೂರಿಸಿದರೆ ದಪ್ಪ ಪಿನ್ ಒಳಗಿನ ಹಿಡಿಕೆಯನ್ನು ಹಿಗ್ಗಿಸಿ ಕೆಡಿಸುತ್ತದೆ.

ಆಂಟೆನಾ ಫೀಡರ್ ಕನೆಕ್ಟರನ್ನು ಮೊದಲು ಕೈಯಿಂದ, ಆಮೇಲೆ ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿಯಿರಿ: 7/16 ಡಿನ್‌ಗೆ 25ರಿಂದ 30 ನ್ಯೂಟನ್ ಮೀಟರ್, 4.3-10ಕ್ಕೆ 5. ತಿರುಗಬೇಕಾದ್ದು ನಟ್ ಮಾತ್ರ. ಕೇಬಲ್ ತಿರುಗಿದರೆ ಒಳಗಿನ ತಾಗುಮೈ ಉಜ್ಜಿ ಲೋಹದ ಪುಡಿ ಉದುರುತ್ತದೆ, ಅದೇ ಮುಂದೆ ಅನವಶ್ಯ ತರಂಗಮಿಶ್ರಣಕ್ಕೆ (ಬೇರೆ ಬೇರೆ ತರಂಗಗಳು ಬೆರೆತು ಗದ್ದಲ ಹುಟ್ಟುವುದು) ಮೂಲ. ಹೊರಾಂಗಣದಲ್ಲಿ ಕನೆಕ್ಟರಿಗೆ ಒಂದು ಸುತ್ತು ವಿದ್ಯುತ್ ಟೇಪ್, ಅದರ ಮೇಲೆ ಬ್ಯೂಟೈಲ್ ರಬ್ಬರ್ ಟೇಪ್, ಮೇಲೆ ಮೂರು ಪದರ ಪಿವಿಸಿ ಟೇಪ್, ಅರ್ಧರ್ಧ ಮುಚ್ಚುವಂತೆ ಸುತ್ತಿ. ಕೊನೆಯ ಪದರ ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಹೆಂಚು ಹೊದಿಸಿದ ಹಾಗೆ, ಆಗ ನೀರು ಅಂಚಿನೊಳಗೆ ಇಳಿಯದು. ಒಳಗೆ ಬರುವ ಮುನ್ನ ಕೇಬಲ್ಲಿಗೆ ಕೆಳಕ್ಕೆ ಜೋತ ಒಂದು ಬಳಕು ಕೊಡಿ, ಹನಿ ಅಲ್ಲಿಂದಲೇ ಉದುರಿಹೋಗುತ್ತದೆ.

ಹಾಸುವುದು, ಕಟ್ಟುವುದು, ಹೆಸರಿಸುವುದು

ಪವರ್ ರ‍್ಯಾಕಿನ ಒಂದು ಪಕ್ಕ, ಸಂಕೇತದ ಕೇಬಲ್‌ಗಳು ಇನ್ನೊಂದು ಪಕ್ಕ. ಸಮಾನಾಂತರವಾಗಿ ಹೋಗಲೇಬೇಕಾದಲ್ಲಿ 150ರಿಂದ 200 ಮಿ.ಮೀ. ಅಂತರ, ದಾಟಬೇಕಾದಲ್ಲಿ 90 ಡಿಗ್ರಿ. ಫೈಬರಿಗೂ ಜೋಡಿತಂತಿಗೂ ವೆಲ್ಕ್ರೋ ಪಟ್ಟಿ, ಬೆರಳಿಗೆ ಸ್ವಲ್ಪ ಹೊರಳುವಷ್ಟು ಸಡಿಲ. ಪ್ಲಾಸ್ಟಿಕ್ ಟೈ ಪವರ್ ಕೇಬಲ್‌ಗೆ ಸರಿ, ಬಾಲವನ್ನು ಸಮಕ್ಕೆ ಕತ್ತರಿಸಿ, ಚೂಪು ಬಿಟ್ಟರೆ ಮುಂದೆ ಬಂದವರ ಕೈ ಕೊಯ್ಯುತ್ತದೆ. ಫ್ಯಾನ್ ಟ್ರೇ, ಪವರ್ ಮಾಡ್ಯೂಲ್, ಕಾರ್ಡ್‌ಗಳು ಹೊರಬರುವ ದಾರಿಗೆ ಕೇಬಲ್ ಅಡ್ಡ ಬಾರದಂತೆ ನೋಡಿಕೊಳ್ಳಿ.

ಲೇಬಲ್ ಎರಡೂ ತುದಿಗೆ, ಕನೆಕ್ಟರಿನಿಂದ ಎರಡು ಬೆರಳು ಹಿಂದೆ. ಎಲ್ಲಿಂದ ಎಲ್ಲಿಗೆ ಎಂಬುದು ಎರಡರಲ್ಲೂ ಇರಲಿ: ರ‍್ಯಾಕ್, ಉಪಕರಣ, ಸ್ಲಾಟ್, ಪೋರ್ಟ್. ಕೇಬಲ್ ಎಳೆಯುವ ಮುಂಚೆಯೇ ತಾತ್ಕಾಲಿಕ ಗುರುತು ಹಾಕಿ. ಎಳೆದ ಮೇಲೆ ಹುಡುಕುತ್ತ ಕೂತರೆ ಸಮಯ ಅಲ್ಲೇ ಹೋಗುತ್ತದೆ.

ಸ್ವಿಚ್ ಹಾಕುವ ಮುನ್ನ

ಉಪಕರಣದ ದೇಹಕ್ಕೂ ಅರ್ಥ್ ಪಟ್ಟಿಗೂ ನಡುವೆ ರೋಧ 0.1 ಓಮ್‌ಗಿಂತ ಕಡಿಮೆ ಇರಬೇಕು. ಇಷ್ಟು ಚಿಕ್ಕದನ್ನು ಸಾಮಾನ್ಯ ಮಲ್ಟಿಮೀಟರ್ ಸರಿಯಾಗಿ ಹೇಳದು, ಮಿಲಿಓಮ್ ಮೀಟರ್ ಬೇಕು. ಪವರ್ ಮಾಡ್ಯೂಲಿನ ಪ್ಲಗ್ ಬಿಚ್ಚಿಟ್ಟು, ಎರಡು ತಂತಿಗಳ ನಡುವೆ ಶಾರ್ಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಎ ಬ್ರೇಕರ್ ಮಾತ್ರ ಏರಿಸಿ, ಉಪಕರಣದ ತುದಿಯಲ್ಲಿ ಕಪ್ಪು ಮೊನೆಯನ್ನು ಮರಳು ತಂತಿಗೆ, ಕೆಂಪು ಮೊನೆಯನ್ನು ಋಣ ತಂತಿಗೆ ಹಿಡಿದು ಅಳೆಯಿರಿ. ಮೀಟರ್ ಮೈನಸ್ 48ರಿಂದ ಮೈನಸ್ 54ರ ಒಳಗೆ ತೋರಿಸಬೇಕು. ಬ್ಯಾಟರಿ ತುಂಬುತ್ತಿರುವಾಗ ತುಸು ಹೆಚ್ಚೂ ಇರಬಹುದು. ಮೈನಸ್ ಗುರುತು ಇಲ್ಲದೆ ಅಂಕಿ ಬಂದರೆ ತಂತಿ ಅದಲು ಬದಲಾಗಿದೆ, ಬ್ರೇಕರ್ ಇಳಿಸಿ. ಬಿ ಬ್ರೇಕರಿಗೂ ಇದೇ ಪರೀಕ್ಷೆ. ಎ ಏರಿಸಿದಾಗ ಬಿ ತುದಿಯಲ್ಲಿ ಪೂರ್ತಿ ವೋಲ್ಟೇಜ್ ಕಂಡರೆ, ಎರಡೂ ದಾರಿ ಎಲ್ಲೋ ಬೆರೆತಿವೆ. ಉಪಕರಣ ಏಳುವ ಮುನ್ನ ಅದನ್ನು ಹುಡುಕಿ ಸರಿಪಡಿಸಿ.

ಫೈಬರಿನಲ್ಲಿ ಪಡೆಯುವ ತುದಿಯ ಕಾರ್ಡನ್ನು ಬೆಳಕು ಅಳೆಯುವ ಮೀಟರಿಗೆ ಹಾಕಿ ಬಂದ ಬೆಳಕನ್ನು ಲೆಕ್ಕದ ಅಂಕಿಯೊಂದಿಗೆ ಹೋಲಿಸಿ. 1 ಡಿಬಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಒರೆಸಿ, ಆಮೇಲೆ ಮಿಕ್ಕ ಅನುಮಾನ. ಒರೆಸಿದ ಮೇಲೂ ಉಳಿದರೆ ಓಟಿಡಿಆರ್‌ನಲ್ಲಿ (ಫೈಬರಿನ ಉದ್ದಕ್ಕೂ ಎಲ್ಲಿ ಎಷ್ಟು ನಷ್ಟ ಎಂದು ತೋರಿಸುವ ಉಪಕರಣ) 1310 ಮತ್ತು 1550 ಎರಡರಲ್ಲೂ ನೋಡಿ. ಒಂದೇ ಜಾಗದ ನಷ್ಟ 1550ರಲ್ಲಿ ಎದ್ದು ಕಂಡು 1310ರಲ್ಲಿ ಚಿಕ್ಕದಾಗಿದ್ದರೆ ಅಲ್ಲಿ ಫೈಬರ್ ಬಿಗಿಯಾಗಿ ಬಾಗಿದೆ. ಎರಡರಲ್ಲೂ ಸಮವಾಗಿದ್ದರೆ ಬೆಸುಗೆ ಅಥವಾ ಕನೆಕ್ಟರ್. ಪಡೆಯುವ ತುದಿಗೆ ಬೆಳಕೇ ಬಾರದೆ ಲಿಂಕ್ ಏಳದಿದ್ದರೆ, ಒಂದು ಕಡೆ ಡ್ಯೂಪ್ಲೆಕ್ಸ್ ಜೋಡಿಯನ್ನು ಅದಲು ಬದಲು ಮಾಡಿ ನೋಡಿ. ಕಳಿಸುವುದು ಕಳಿಸುವುದಕ್ಕೇ ಎದುರಾಗಿರಬಹುದು. ಅಳೆದ ಪ್ರತಿ ಅಂಕಿಯನ್ನೂ ಪೋರ್ಟಿನ ಸಾಲಿನೆದುರು ಬರೆದು, ಪಟ್ಟಿಯ ಒಂದು ಪ್ರತಿಯನ್ನು ರ‍್ಯಾಕಿನ ಬಾಗಿಲೊಳಗೆ ಇಡಿ.